ಬ್ರಿಡ್ಜ್‌ಟೌನ್: ಕಾಲ್ನಡಿಗೆಯಲ್ಲಿ ಒಂದು ಬಂದರಿನ ಚರಿತ್ರೆ

ಬ್ರಿಡ್ಜ್‌ಟೌನ್ ಕೆರಿಬಿಯನ್ ದ್ವೀಪರಾಷ್ಟ್ರವಾದ ಬಾರ್ಬಡೋಸ್‌ನ ರಾಜಧಾನಿ ಮತ್ತು ಮುಖ್ಯ ಬಂದರು. ದ್ವೀಪದ ನೈಋತ್ಯ ಮೂಲೆಯಲ್ಲಿ, ಕಾರ್ಲೈಲ್ ಕೊಲ್ಲಿಯ ದಡದಲ್ಲಿದೆ. 1628ರಲ್ಲಿ ಇಂಗ್ಲಿಷ್ ವಲಸಿಗರು ನೆಲೆಗೊಳಿಸಿದ ಊರು ಇದು. ಹಳೆಯ ಪೇಟೆಯನ್ನೂ ಅದರ ದಕ್ಷಿಣಕ್ಕಿರುವ ಸೇನಾ ನೆಲೆಯನ್ನೂ ಸೇರಿಸಿ ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಇಡೀ ದ್ವೀಪದ ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಮಾತ್ರ. ಅದರ ರಾಜಧಾನಿಯ ಹಳೆಯ ಪೇಟೆಯನ್ನು ಒಂದು ಬೆಳಗ್ಗೆ ನಡೆದು ನೋಡಿ ಮುಗಿಸಬಹುದು. ಆದರೆ ಆ ಒಂದು ಬೆಳಗ್ಗೆಯ ನಡಿಗೆಯಲ್ಲಿ ಸಕ್ಕರೆ, ಗುಲಾಮಗಿರಿ, ಸಾಮ್ರಾಜ್ಯ, ಬಿಡುಗಡೆ ಎಲ್ಲವೂ ಕಾಲಿಗೆ ಎಡತಾಕುತ್ತವೆ. ಆದ್ದರಿಂದ ಈ ಲೇಖನದಲ್ಲಿ ಊರಿನ ಚರಿತ್ರೆಯನ್ನು ಊರು ಸುತ್ತುವ ದಾರಿಯಲ್ಲಿಯೇ ಹೇಳಲಾಗಿದೆ.

ಗಾಳಿ ಕಟ್ಟಿದ ಊರು

ಭೂಪಟ ತೆಗೆದು ನೋಡಿದರೆ ಕೆರಿಬಿಯನ್ನಿನ ಪೂರ್ವದ ದ್ವೀಪಗಳೆಲ್ಲ ಬಿಲ್ಲಿನಂತೆ ಬಾಗಿ ಸಾಲಾಗಿ ನಿಂತಿವೆ. ಬಾರ್ಬಡೋಸ್ ಮಾತ್ರ ಸಾಲು ಬಿಟ್ಟು ಪೂರ್ವಕ್ಕೆ, ಅಟ್ಲಾಂಟಿಕ್ ಸಾಗರದೊಳಗೆ ನಿಂತಿದೆ. ಈ ದ್ವೀಪದ ಅದೃಷ್ಟವನ್ನೂ ದುರದೃಷ್ಟವನ್ನೂ ಬರೆದದ್ದು ಇದೇ. ಹಾಯಿಹಡಗಿನ ಕಾಲದಲ್ಲಿ ಯುರೋಪಿನಿಂದಲೋ ಆಫ್ರಿಕಾದಿಂದಲೋ ಹೊರಟ ಹಡಗು ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳನ್ನು ಹಿಡಿದು ಬರುವಾಗ ಮೊದಲು ಎದುರಾಗುತ್ತಿದ್ದ ನೆಲ ಬಾರ್ಬಡೋಸ್. ಪತ್ರ, ಸುದ್ದಿ, ಸರಕು, ರೋಗ, ಸರಪಳಿಯಲ್ಲಿ ಬಿಗಿದ ಮನುಷ್ಯರು ಎಲ್ಲವೂ ಮೊದಲು ಬಂದಿಳಿಯುತ್ತಿದ್ದುದು ಇಲ್ಲಿ. ಪಶ್ಚಿಮದ ದ್ವೀಪಗಳಿಂದ ಇದರ ಮೇಲೆ ದಾಳಿ ಮಾಡಬೇಕೆಂದರೆ ಎದುರುಗಾಳಿಗೆ ಸೆಣಸುತ್ತ ಬರಬೇಕು. ನೆರೆಯ ದ್ವೀಪಗಳು ಫ್ರೆಂಚರ ಕೈಯಿಂದ ಇಂಗ್ಲಿಷರ ಕೈಗೆ, ಮತ್ತೆ ಫ್ರೆಂಚರ ಕೈಗೆ ಹೋಗಿ ಬರುತ್ತಿದ್ದಾಗ ಬಾರ್ಬಡೋಸ್ 1627ರಿಂದ 1966ರವರೆಗೂ ಒಂದೇ ಕೈಯಲ್ಲಿ ಉಳಿಯಿತು.

ಬಾರ್ಬಡೋಸ್ ಎಂಬ ಹೆಸರು ಪೋರ್ಚುಗೀಸ್ ನಾವಿಕರಿಂದ ಬಂದದ್ದೆಂಬುದು ರೂಢಿಯ ವಿವರಣೆ. ಆ ಮಾತಿಗೆ ಗಡ್ಡಧಾರಿಗಳು ಎಂದರ್ಥ. ದ್ವೀಪದಲ್ಲಿ ಹೇರಳವಾಗಿದ್ದ, ನಮ್ಮ ಆಲದ ಹತ್ತಿರದ ನಂಟಿನ ಮರವೊಂದರಿಂದ ಇಳಿಬಿದ್ದ ಬಿಳಲುಗಳು ಅವರ ಕಣ್ಣಿಗೆ ಗಡ್ಡದಂತೆ ಕಂಡವಂತೆ. 1627ರ ಫೆಬ್ರವರಿಯಲ್ಲಿ ಮೊದಲ ಇಂಗ್ಲಿಷ್ ವಲಸಿಗರು ಪಶ್ಚಿಮ ಕರಾವಳಿಯ ಹೋಲ್‌ಟೌನ್‌ನಲ್ಲಿ ಇಳಿದಾಗ ದ್ವೀಪದಲ್ಲಿ ಜನವಸತಿ ಇರಲಿಲ್ಲ. ಮರುವರ್ಷ, 1628ರ ಜುಲೈ 5ರಂದು, ಅರ್ಲ್ ಆಫ್ ಕಾರ್ಲೈಲ್‌ನ ಪರವಾಗಿ ಚಾರ್ಲ್ಸ್ ವುಲ್ವರ್‌ಸ್ಟನ್ ಎಂಬಾತ 64 ಮಂದಿಯೊಡನೆ ದಕ್ಷಿಣದ ಕೊಲ್ಲಿಗೆ ಬಂದ. ಅಲ್ಲಿನ ಜೌಗಿನ ನಡುವೆ ಹರಿಯುವ ತೊರೆಯ ಮೇಲೆ ಒಂದು ಒರಟು ಸೇತುವೆ ಇತ್ತು. ಅದನ್ನು ಕಟ್ಟಿದವರು ಹಿಂದೆ ಅಲ್ಲಿ ಬಾಳಿದ್ದ ಮೂಲನಿವಾಸಿಗಳು. ವಲಸಿಗರು ಆ ಜಾಗವನ್ನು ‘ಇಂಡಿಯನ್ ಬ್ರಿಡ್ಜ್’ ಎಂದು ಕರೆದರು. ಊರು ಬೆಳೆದ ಮೇಲೆ ‘ಇಂಡಿಯನ್’ ಬಿದ್ದುಹೋಗಿ ‘ಬ್ರಿಡ್ಜ್’ ಉಳಿಯಿತು. ಕಟ್ಟಿದವರು ಇಲ್ಲವಾದರೂ ಅವರ ಸೇತುವೆ ಊರಿನ ಹೆಸರಾಗಿ ನಿಂತಿದೆ.

ಜೌಗು ನೆಲವಾದ್ದರಿಂದ ಊರಿಗೆ ಆರೋಗ್ಯದ ಜಾಗವೆಂಬ ಹೆಸರೇನೂ ಬರಲಿಲ್ಲ. ಆದರೆ ಹಡಗುಗಳಿಗೆ ಅದೇ ಹೇಳಿಮಾಡಿಸಿದ ತಾವು. ಹೀಗಾಗಿ ಯಾರೂ ನಕ್ಷೆ ಹಾಕದೆಯೇ ಊರು ಬೆಳೆಯಿತು. ಸ್ಪೇನಿನವರು ಕಟ್ಟಿದ ಪಟ್ಟಣಗಳಲ್ಲಿ ಬೀದಿಗಳು ಚೌಕಾಬಾರದ ಮನೆಗಳಂತೆ ಇರುತ್ತವೆ. ಬ್ರಿಡ್ಜ್‌ಟೌನ್‌ನ ಬೀದಿಗಳು ಇಂಗ್ಲೆಂಡಿನ ಹಳೆಯ ಪೇಟೆಗಳ ಓಣಿಗಳಂತೆ ಹಾವಾಗಿ ಹರಿದಿವೆ. ಯುನೆಸ್ಕೊ ಗೌರವಿಸಿದ್ದು ಈ ಬಾಗುಬಳುಕಿನ ಬೀದಿಗಳನ್ನು ಕೂಡ.

ಕರೀನೇಜ್: ನಡಿಗೆಯ ಮೊದಲ ಹೆಜ್ಜೆ

ಊರು ಸುತ್ತುವವರು ಹೊರಡಬೇಕಾದದ್ದು ಕಾನ್‌ಸ್ಟಿಟ್ಯೂಶನ್ ತೊರೆಯ ಅಳಿವೆಯಿಂದ. ಇದಕ್ಕೆ ಕರೀನೇಜ್ ಎಂದು ಹೆಸರು. ಮರದ ಹಡಗು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿದ್ದರೆ ಅದರ ಅಡಿಗೆ ಪಾಚಿ, ಚಿಪ್ಪುಹುಳು ಕಚ್ಚಿಕೊಳ್ಳುತ್ತವೆ, ಹಲಗೆಯನ್ನು ಹುಳು ಕೊರೆಯುತ್ತದೆ. ಹಡಗನ್ನು ಒಂದು ಮಗ್ಗುಲಿಗೆ ವಾಲಿಸಿ, ಕೆರೆದು, ಸಂದುಗಳಿಗೆ ನಾರು ತುಂಬಿ ಟಾರು ಬಳಿದು, ಮತ್ತೆ ಇನ್ನೊಂದು ಮಗ್ಗುಲಿಗೆ ವಾಲಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಕರೀನ್ ಎನ್ನುತ್ತಾರೆ. ಆ ಕೆಲಸ ನಡೆಯುತ್ತಿದ್ದ ತಾವೇ ಕರೀನೇಜ್. 1889ರಿಂದ 1893ರ ನಡುವೆ ಇದರ ಪಕ್ಕದಲ್ಲಿಯೇ ಸ್ಕ್ರೂ ಡಾಕ್ ಎಂಬ ಹೊಸ ವ್ಯವಸ್ಥೆ ಬಂತು. ನೀರಿನಡಿಗೆ ಇಳಿಸಿದ ವೇದಿಕೆಯ ಮೇಲೆ ಹಡಗನ್ನು ತಂದು ನಿಲ್ಲಿಸಿ, ದೊಡ್ಡ ದೊಡ್ಡ ತಿರುಪುಗಳನ್ನು ಯಂತ್ರದಿಂದ ತಿರುಗಿಸಿ, ಹಡಗನ್ನು ವೇದಿಕೆಯ ಸಮೇತ ನೀರಿನಿಂದ ಮೇಲೆತ್ತುವ ಏರ್ಪಾಡು ಅದು. ಆ ಬಗೆಯ ಡಾಕ್ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಎನ್ನುತ್ತಾರೆ.

ಅಳಿವೆಯ ಮೇಲೆ ಇಂದು ಎರಡು ಸೇತುವೆಗಳಿವೆ. ಅವುಗಳಲ್ಲಿ ಒಂದಾದ ಚೇಂಬರ್ಲೇನ್ ಸೇತುವೆಯ ಜಾಗದಲ್ಲಿ 1872ರಲ್ಲಿ ಪಕ್ಕಕ್ಕೆ ತಿರುಗಿ ದಾರಿ ಬಿಡುವ ಸೇತುವೆ ಇತ್ತು. 2006ರಲ್ಲಿ ಅದರ ಬದಲು ಮೇಲಕ್ಕೆತ್ತುವ ಸೇತುವೆ ಬಂತು. ಅದರ ಬಾಯಲ್ಲಿ ಸ್ವಾತಂತ್ರ್ಯದ ಕಮಾನು ನಿಂತಿದೆ.

ಕರೀನೇಜ್ ಆಳವಿಲ್ಲದ್ದರಿಂದ ದೊಡ್ಡ ಹಡಗುಗಳು ಕೊಲ್ಲಿಯಲ್ಲೇ ಲಂಗರು ಹಾಕುತ್ತಿದ್ದವು. ಲೈಟರ್ ಎಂಬ ಅಗಲ ದೋಣಿಗಳು ಸಕ್ಕರೆಯ ಪೀಪಾಯಿಗಳನ್ನು ಹೊತ್ತು ಉದ್ದನೆಯ ಹುಟ್ಟುಗಳ ಬಲದಿಂದ ಹಡಗಿಗೂ ಧಕ್ಕೆಗೂ ನಡುವೆ ಓಡಾಡುತ್ತಿದ್ದವು. 1961ರಲ್ಲಿ ಊರಿನ ಪಶ್ಚಿಮಕ್ಕೆ, ಪೆಲಿಕನ್ ಎಂಬ ಪುಟ್ಟ ದ್ವೀಪವನ್ನೂ ನುಂಗಿಕೊಂಡು ಆಳನೀರಿನ ಬಂದರು ತೆರೆಯಿತು. ಅಲ್ಲಿಗೆ ಲೈಟರ್‌ಗಳ ಕಾಲ ಮುಗಿಯಿತು. ಇಂದು ಕರೀನೇಜ್‌ನಲ್ಲಿ ಬಿಳಿಯ ವಿಹಾರನೌಕೆಗಳು ತೂಗಾಡುತ್ತಿವೆ.

ಸಕ್ಕರೆ, ಮತ್ತು ಅದರ ಬೆಲೆ

ಮೊದಲ ವಲಸಿಗರು ಬೆಳೆದದ್ದು ಹೊಗೆಸೊಪ್ಪು ಮತ್ತು ಹತ್ತಿ. ದುಡಿದವರಲ್ಲಿ ಹೆಚ್ಚಿನವರು ಬ್ರಿಟನ್, ಐರ್ಲೆಂಡುಗಳಿಂದ ಕರಾರಿನ ಮೇಲೆ ಬಂದ, ಇಲ್ಲವೇ ಸೆರೆಯಾಳುಗಳಾಗಿ ತಂದುಹಾಕಿದ ಬಡವರು. 1640ರ ದಶಕದಲ್ಲಿ ಬ್ರೆಜಿಲ್‌ನಿಂದ ಕಬ್ಬು ಬಂತು. ಅದರ ಜೊತೆಗೆ ಗಾಣ, ಕೊಪ್ಪರಿಗೆ, ಪಾಕ ತೆಗೆಯುವ ಹದ ಇವೆಲ್ಲದರ ಅರಿವೂ ಬಂತು. ಆಲೆಮನೆಯ ಕೆಲಸ ಕಂಡವರಿಗೆ ಗೊತ್ತು: ಕಡಿದ ಕಬ್ಬು ಕಾಯುವುದಿಲ್ಲ. ತಡವಾದರೆ ರಸ ಕೆಡುತ್ತದೆ. ಆದ್ದರಿಂದ ಸುಗ್ಗಿಯಲ್ಲಿ ಹಗಲು ರಾತ್ರಿ ಗಾಣ ತಿರುಗಬೇಕು, ಕೊಪ್ಪರಿಗೆ ಉರಿಯಬೇಕು. ಆ ಉರಿಯ ಮುಂದೆ ನಿಲ್ಲಿಸಲು ತೋಟದ ಒಡೆಯರು ಆಫ್ರಿಕಾದಿಂದ ಜನರನ್ನು ಕೊಂಡು ತಂದರು. ಒಂದೇ ತಲೆಮಾರಿನಲ್ಲಿ ಕಾಡು ಬಯಲಾಯಿತು, ಬಯಲು ಕಬ್ಬಿನ ಗದ್ದೆಯಾಯಿತು, ದ್ವೀಪದಲ್ಲಿ ಬಿಳಿಯರಿಗಿಂತ ಕರಿಯರು ಹೆಚ್ಚಾದರು. 1661ರಲ್ಲಿ ಬಾರ್ಬಡೋಸ್‌ನ ಶಾಸನಸಭೆ ಗುಲಾಮರ ಕಾನೂನು ಮಾಡಿತು. ಮನುಷ್ಯನನ್ನು ಆಸ್ತಿಯೆಂದು ಬರೆದ ಆ ಕಾನೂನನ್ನು ಇತರ ಇಂಗ್ಲಿಷ್ ವಸಾಹತುಗಳು ಮಾದರಿಯಾಗಿ ಎತ್ತಿಕೊಂಡವು. 1670ರಲ್ಲಿ ಉತ್ತರ ಅಮೆರಿಕದ ಕ್ಯಾರೊಲೈನಾದಲ್ಲಿ ಚಾರ್ಲ್‌ಸ್ಟನ್ ನೆಲೆ ಕಟ್ಟಿದವರಲ್ಲಿ ಬಾರ್ಬಡೋಸ್‌ನವರು ಮುಖ್ಯರು. ಅವರು ಅಲ್ಲಿಗೆ ಬರಿಗೈಯಲ್ಲಿ ಹೋಗಲಿಲ್ಲ, ಈ ಕಾನೂನನ್ನೂ ಹೊತ್ತು ಹೋದರು. ಆಲೆಮನೆಯಲ್ಲಿ ಮಿಕ್ಕ ಕಾಕಂಬಿಯಿಂದ ರಮ್ ಹುಟ್ಟಿತು. ಅದೂ ಇದೇ ಧಕ್ಕೆಯಿಂದ ಪೀಪಾಯಿ ತುಂಬಿ ಹೊರಟಿತು.

ಗುಲಾಮರ ವ್ಯಾಪಾರವನ್ನು ಅನುಭವಿಸಿದವನ ಕಣ್ಣಿನಿಂದಲೇ ನೋಡುವ ಅವಕಾಶ ಬ್ರಿಡ್ಜ್‌ಟೌನ್‌ಗೆ ಇದೆ. ಒಲೌಡಾ ಎಕ್ವಿಯಾನೊ 1789ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ಬಾಲಕನಾಗಿದ್ದಾಗ ಗುಲಾಮರ ಹಡಗಿನಲ್ಲಿ ಇಲ್ಲಿಗೆ ಬಂದಿಳಿದದ್ದನ್ನು ಬರೆದಿದ್ದಾನೆ. ಹಡಗು ಬ್ರಿಡ್ಜ್‌ಟೌನ್ ಎದುರು ಲಂಗರು ಹಾಕಿದಾಗ ಸಂಜೆಯಾಗಿತ್ತು. ಕತ್ತಲಾಗಿದ್ದರೂ ವರ್ತಕರು ಹಡಗು ಹತ್ತಿ ಬಂದು, ಜನರನ್ನು ಕುಣಿಸಿ ನೆಗೆಸಿ ಮೈಕಟ್ಟು ನೋಡಿದರು. ಇವರು ನಮ್ಮನ್ನು ತಿನ್ನಲು ಬಂದವರೆಂದು ಒಳಗಿದ್ದವರು ರಾತ್ರಿಯಿಡೀ ನಡುಗಿದರು. ಕೊನೆಗೆ ಅವರನ್ನು ಸಮಾಧಾನಪಡಿಸಲು ದಡದಿಂದ ಹಳೆಯ ಗುಲಾಮರನ್ನೇ ಕರೆಸಬೇಕಾಯಿತು. ಆಮೇಲೆ ವರ್ತಕನ ಅಂಗಳದಲ್ಲಿ ಗಂಡು ಹೆಣ್ಣೆನ್ನದೆ ಕುರಿಗಳಂತೆ ಕೂಡಿಹಾಕಿದರು. ಡೋಲು ಬಾರಿಸಿದೊಡನೆ ಕೊಳ್ಳುವವರು ಒಳನುಗ್ಗಿ ಕೈಗೆ ಸಿಕ್ಕವರನ್ನು ಹಿಡಿದುಕೊಂಡರು. ತನ್ನೊಡನೆ ಬಂದ ಅಣ್ಣತಮ್ಮಂದಿರು ಬೇರೆ ಬೇರೆ ಪಾಲಾಗಿ ಅಗಲುವಾಗ ಎದ್ದ ಕೂಗನ್ನು ಎಕ್ವಿಯಾನೊ ಮರೆಯಲಿಲ್ಲ. ಅವನನ್ನು ಇಲ್ಲಿ ಯಾರೂ ಕೊಳ್ಳದ್ದರಿಂದ ಉತ್ತರ ಅಮೆರಿಕಕ್ಕೆ ಸಾಗಿಸಿದರು.

ಅವನು ಕಂಡ ಊರಿನ ಬಹುಭಾಗ ಇಂದು ಉಳಿದಿಲ್ಲ. ಮರದ ಮನೆಗಳ ಈ ಪೇಟೆಗೆ ಬೆಂಕಿ ಮತ್ತೆ ಮತ್ತೆ ಬಿತ್ತು: 1668ರಲ್ಲಿ, 1756ರಲ್ಲಿ, 1766ರಲ್ಲಿ, 1845ರಲ್ಲಿ, 1860ರಲ್ಲಿ. 1780 ಮತ್ತು 1831ರ ಚಂಡಮಾರುತಗಳು ಮಿಕ್ಕದ್ದನ್ನು ಗುಡಿಸಿದವು. 1854ರ ಕಾಲರಾ ದ್ವೀಪದಲ್ಲಿ 20,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಪ್ರತಿ ಅನಾಹುತದ ನಂತರ ಊರು ಅದೇ ಬೀದಿಗಳ ಮೇಲೆ ಮತ್ತೆ ಎದ್ದಿತು, ಬರಬರುತ್ತ ಮರ ಬಿಟ್ಟು ಕಲ್ಲಿನಲ್ಲಿ. ಇಲ್ಲಿನ ಕಲ್ಲು ಹವಳದ ಸುಣ್ಣಕಲ್ಲು. ಗರಗಸದಲ್ಲಿ ಕೊಯ್ಯಬಹುದಾದಷ್ಟು ಮೆದು. ಗಾರೆ ಉದುರಿದ ಗೋಡೆಯ ಹತ್ತಿರ ಹೋಗಿ ನೋಡಿದರೆ ಒಳಗೆ ಹವಳದ ಗೂಡುಗಳು, ಚಿಪ್ಪಿನ ಅಚ್ಚುಗಳು ಕಾಣಿಸುತ್ತವೆ.

ಕರೀನೇಜ್‌ಗೆ ಹೊಂದಿಕೊಂಡ ಬ್ರಾಡ್ ಸ್ಟ್ರೀಟ್ ಊರಿನ ಮುಖ್ಯ ಅಂಗಡಿಬೀದಿ. ತಪ್ಪಿಸಿಕೊಂಡು ಸಿಕ್ಕಿಬಿದ್ದ ಗುಲಾಮರನ್ನು ಕೂಡಿಡುತ್ತಿದ್ದ ‘ಕೇಜ್’ ಎಂಬ ಸೆರೆಮನೆ ಒಂದು ಕಾಲದಲ್ಲಿ ಈ ಬೀದಿಯಲ್ಲಿತ್ತು. ಅದರೊಳಗಿನ ಗದ್ದಲದಿಂದ ವ್ಯಾಪಾರಕ್ಕೆ ತೊಂದರೆಯೆಂದು ಸುತ್ತಲಿನವರು ದೂರಿದ ಮೇಲೆ, 19ನೇ ಶತಮಾನದ ಮೊದಲ ಭಾಗದಲ್ಲಿ ಅದನ್ನು ಧಕ್ಕೆಯ ಕಡೆಗೆ ಸಾಗಿಸಿದರು. ಇಂದು ಬ್ರಾಡ್ ಸ್ಟ್ರೀಟ್‌ನಲ್ಲಿ ಒಡವೆ, ಗಡಿಯಾರ, ಸುಗಂಧದ ಅಂಗಡಿಗಳಿವೆ.

ಇದೇ ಊರಿನಲ್ಲಿ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಪಡೆದು, ಹೋಟೆಲಿನ ಒಡತಿಯಾದ ರೇಚಲ್ ಪ್ರಿಂಗಲ್ ಪೋಲ್‌ಗ್ರೀನ್ ಕೂಡ ಬಾಳಿದ್ದಳು. ಇಂಗ್ಲೆಂಡಿನ ರಾಜಕುಮಾರ ವಿಲಿಯಂ, ಮುಂದೆ ನಾಲ್ಕನೆಯ ವಿಲಿಯಂ ಆದವನು, ಗೆಳೆಯರೊಡನೆ ಕುಡಿದು ಅವಳ ಹೋಟೆಲಿನ ಸಾಮಾನು ಪುಡಿ ಮಾಡಿದನಂತೆ. ಅವಳು ಒಂದೊಂದನ್ನೂ ಲೆಕ್ಕ ಬರೆದು ಹಣ ವಸೂಲು ಮಾಡಿದಳೆಂಬ ಕಥೆಯನ್ನು ಊರಿನವರು ಇಂದಿಗೂ ಸಂತೋಷದಿಂದ ಹೇಳುತ್ತಾರೆ. ಅವಳು 1791ರಲ್ಲಿ ತೀರಿಕೊಂಡಳು.

ಚೌಕ ಮತ್ತು ಅದರ ಹೆಸರು

ಚೇಂಬರ್ಲೇನ್ ಸೇತುವೆ ದಾಟಿ ಬಂದರೆ ನ್ಯಾಷನಲ್ ಹೀರೋಸ್ ಸ್ಕ್ವೇರ್. 1999ರವರೆಗೆ ಇದು ಟ್ರಫಾಲ್ಗರ್ ಸ್ಕ್ವೇರ್. 1805ರ ಜೂನ್‌ನಲ್ಲಿ ಫ್ರೆಂಚ್ ನೌಕಾಪಡೆಯನ್ನು ಅಟ್ಟಿಕೊಂಡು ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಬಾರ್ಬಡೋಸ್‌ಗೆ ಬಂದಿದ್ದ. ತಮ್ಮ ಸಕ್ಕರೆ ಹಡಗುಗಳು ಉಳಿದವೆಂಬ ಕೃತಜ್ಞತೆಯಿಂದ ತೋಟಗಾರರೂ ವರ್ತಕರೂ ವಂತಿಗೆ ಎತ್ತಿ, ರಿಚರ್ಡ್ ವೆಸ್ಟ್‌ಮೆಕಾಟ್ ಎಂಬ ಶಿಲ್ಪಿಯಿಂದ ಕಂಚಿನ ಪ್ರತಿಮೆ ಮಾಡಿಸಿದರು. ಅದನ್ನು ಈ ಚೌಕದಲ್ಲಿ ನಿಲ್ಲಿಸಿದ್ದು 1813ರಲ್ಲಿ. ಲಂಡನ್ನಿನ ಪ್ರಸಿದ್ಧ ನೆಲ್ಸನ್ ಕಂಬಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು. ನೆಲ್ಸನ್ ಗುಲಾಮಗಿರಿಯ ಪರ ನಿಂತವನೆಂಬ ಕಾರಣಕ್ಕೆ ಪ್ರತಿಮೆಯನ್ನು ತೆಗೆಯಬೇಕೆಂಬ ಕೂಗು ದಶಕಗಳಿಂದ ಇತ್ತು. 2020ರ ನವೆಂಬರ್ 16ರಂದು ಸರ್ಕಾರವೇ ಅದನ್ನು ಇಳಿಸಿತು. ಒಡೆಯಲಿಲ್ಲ, ಸಮುದ್ರಕ್ಕೆಸೆಯಲಿಲ್ಲ. ಕ್ರಮಬದ್ಧವಾಗಿ ಇಳಿಸಿ ಮ್ಯೂಸಿಯಮ್ಮಿನ ವಶಕ್ಕೆ ಕೊಟ್ಟರು. ಅದೇ ಸರಿಯಾದ ದಾರಿ. ಮರುವರ್ಷ ನವೆಂಬರ್ 30ರಂದು ಇದೇ ಚೌಕದಲ್ಲಿ ಬ್ರಿಟನ್ನಿನ ರಾಣಿಯ ಧ್ವಜ ಇಳಿದು, ಬಾರ್ಬಡೋಸ್ ಗಣರಾಜ್ಯವಾಯಿತು. ಈ ಊರಿನ ವೆಸ್ಟ್‌ಬರಿ ರಸ್ತೆಯ ಪುಟ್ಟ ಮನೆಯಲ್ಲಿ ಬೆಳೆದ ಗಾಯಕಿ ರಿಹಾನಾಗೆ ಆ ರಾತ್ರಿಯ ಸಮಾರಂಭದಲ್ಲಿ ರಾಷ್ಟ್ರನಾಯಕಿಯ ಗೌರವ ಘೋಷಣೆಯಾಯಿತು. ಚೌಕದಲ್ಲಿರುವ ಡಾಲ್ಫಿನ್ ಕಾರಂಜಿ 1865ರದು. ಊರಿಗೆ ಕೊಳಾಯಿ ನೀರು ಬಂದ ನೆನಪಿಗೆ ಕಟ್ಟಿಸಿದ್ದು.

ಚೌಕದ ಎದುರಿಗೇ ಸಂಸತ್ ಭವನ. ಹವಳಕಲ್ಲಿನ ಪಶ್ಚಿಮ ಕಟ್ಟಡ 1872ರದು, ಪೂರ್ವದ್ದು 1874ರದು. ಸಭೆ ಮಾತ್ರ ಇವಕ್ಕಿಂತ ಬಹಳ ಹಳೆಯದು, 1639ರಲ್ಲಿ ಆರಂಭವಾದದ್ದು. ಪೂರ್ವ ಕಟ್ಟಡದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಒಂದನೆಯ ಜೇಮ್ಸ್‌ನಿಂದ ವಿಕ್ಟೋರಿಯಾವರೆಗಿನ ಆಳರಸರಿದ್ದಾರೆ. ಅರಸನ ತಲೆ ತೆಗೆಸಿದ ಕ್ರಾಮ್‌ವೆಲ್‌ನೂ ಅವರ ನಡುವೆ ಕುಳಿತಿದ್ದಾನೆ. ಗಡಿಯಾರದ ಗೋಪುರ ಮೊದಲು ಪೂರ್ವ ಕಟ್ಟಡದ ಮೇಲಿತ್ತು. ನೆಲ ಕುಸಿಯತೊಡಗಿದ್ದರಿಂದ 1884ರಲ್ಲಿ ಕೆಡವಿ, ಎರಡು ವರ್ಷದ ನಂತರ ಪಶ್ಚಿಮ ಕಟ್ಟಡದ ಮೇಲೆ ಕಟ್ಟಿದರು. ಕೆಳಗಿನ ಜೌಗು ತನ್ನ ಇರವನ್ನು ಹೀಗೆ ನೆನಪಿಸುತ್ತಿತ್ತು.

ಸಿನಗಾಗ್, ಕೊಳ ಮತ್ತು ದೊಡ್ಡ ಹುಣಸೆ

ಸ್ವಾನ್ ಸ್ಟ್ರೀಟ್ ವಾಹನಗಳಿಲ್ಲದ, ತಳ್ಳುಗಾಡಿಗಳ, ಹಣ್ಣು ಮಾರುವ ಹೆಂಗಸರ ಬೀದಿ. ಹಿಂದೆ ಇದರ ಹೆಸರು ಜ್ಯೂ ಸ್ಟ್ರೀಟ್. 1654ರಲ್ಲಿ ಪೋರ್ಚುಗೀಸರು ಬ್ರೆಜಿಲ್‌ನ ರೆಸೀಫೆಯನ್ನು ಡಚ್ಚರಿಂದ ಮರಳಿ ಗೆದ್ದಾಗ ಅಲ್ಲಿನ ಯೆಹೂದಿಗಳು ಊರು ಬಿಡಬೇಕಾಯಿತು. ಕೆಲವರು ಇಲ್ಲಿಗೆ ಬಂದು ನಿದೆ ಇಸ್ರೇಲ್ ಎಂಬ ಸಿನಗಾಗ್ ಕಟ್ಟಿದರು. ಅಮೆರಿಕ ಖಂಡಗಳ ಅತಿ ಹಳೆಯ ಸಿನಗಾಗ್‌ಗಳಲ್ಲಿ ಇದೂ ಒಂದು. 1831ರ ಚಂಡಮಾರುತಕ್ಕೆ ಅದು ಉರುಳಿತು, 1833ರಲ್ಲಿ ಈಗಿನ ಕಟ್ಟಡ ಎದ್ದಿತು. ಯೆಹೂದಿಗಳ ಸಂಖ್ಯೆ ಕರಗಿ 1929ರಲ್ಲಿ ಕಟ್ಟಡ ಮಾರಾಟವಾಗಿ ಕಚೇರಿ, ಉಗ್ರಾಣಗಳಾಯಿತು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ಸಮುದಾಯದವರು ಎದ್ದುನಿಂತು ಉಳಿಸಿಕೊಂಡರು. 2008ರಲ್ಲಿ ಅಂಗಳವನ್ನು ಅಗೆಯುವಾಗ ಮೆಟ್ಟಿಲುಗಳಿಳಿಯುವ ಒಂದು ಸ್ನಾನದ ಕೊಳ ಬೆಳಕಿಗೆ ಬಂತು. ನೆಲದೊಳಗಿನ ಒರತೆಯ ನೀರು ಅದರಲ್ಲಿ ಆಗಲೂ ಜಿನುಗುತ್ತಿತ್ತು. ಇಡೀ ನಡಿಗೆಯಲ್ಲಿ 17ನೇ ಶತಮಾನವನ್ನು ಇಷ್ಟು ಹತ್ತಿರದಿಂದ ಮುಟ್ಟಿಸುವ ಇನ್ನೊಂದು ಜಾಗವಿಲ್ಲ.

ಸೇಂಟ್ ಮೈಕೆಲ್ ಕ್ಯಾಥೆಡ್ರಲ್ ದಾಟಿ ಮುಂದೆ ಹೋದರೆ ಕ್ವೀನ್ಸ್ ಪಾರ್ಕ್. ಹಿಂದೆ ಬ್ರಿಟಿಷ್ ಸೇನಾಧಿಪತಿಯ ನಿವಾಸವಿದ್ದ ಆವರಣ. ಅಲ್ಲಿ ಒಂದು ಬಾವೋಬಾಬ್ ಮರವಿದೆ. ಅದನ್ನು ತಬ್ಬಲು ಹದಿನೈದು ಮಂದಿ ಕೈ ಕೈ ಹಿಡಿಯಬೇಕೆನ್ನುತ್ತಾರೆ. ಈ ಮರ ಕನ್ನಡಿಗರಿಗೆ ಅಪರಿಚಿತವಲ್ಲ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಕಲ್ಮಠದಲ್ಲಿರುವ ಮೂರು ಭಾರಿ ಮರಗಳೂ ಇದೇ ಜಾತಿಯವು. ಎರಡೂ ಕಡೆ ಮರ ಬಂದದ್ದು ಆಫ್ರಿಕಾದಿಂದ, ಸಮುದ್ರ ದಾಟಿ. ಸವಣೂರಿನಲ್ಲಿ ಜನ ಅದಕ್ಕೆ ದೊಡ್ಡ ಹುಣಸೆ ಎಂದು ತಮ್ಮ ಬಾಯಿಗೆ ಒಗ್ಗುವ ಹೆಸರಿಟ್ಟು ಮಠದ ಮರವಾಗಿಸಿಕೊಂಡರು. ಬ್ರಿಡ್ಜ್‌ಟೌನ್‌ನಲ್ಲಿ ಅದು, ತನ್ನ ನೆಲದಿಂದಲೇ ಕಿತ್ತು ತಂದ ಜನರ ಮೊಮ್ಮಕ್ಕಳು ಆಡುವ ಉದ್ಯಾನಕ್ಕೆ ನೆರಳು ಕೊಡುತ್ತಿದೆ.

ಬಿಡುಗಡೆಯ ದಾರಿ

1816ರ ಏಪ್ರಿಲ್‌ನಲ್ಲಿ ಬುಸ್ಸಾ ಎಂಬವನ ಮುಂದಾಳುತನದಲ್ಲಿ ಗುಲಾಮರು ದಂಗೆ ಎದ್ದರು. ಸೇನೆ ಅದನ್ನು ರಕ್ತದಲ್ಲಿ ಅಡಗಿಸಿತು. 1834ರ ಆಗಸ್ಟ್ 1ರಂದು ಕಾನೂನಿನ ಪ್ರಕಾರ ಗುಲಾಮಗಿರಿ ಮುಗಿಯಿತು. ಆಗ ದ್ವೀಪದಲ್ಲಿ ಸುಮಾರು 83,000 ಗುಲಾಮರಿದ್ದರು. ಪರಿಹಾರಧನ ಸಿಕ್ಕಿದ್ದು ಒಡೆಯರಿಗೆ. ಬಿಡುಗಡೆಯಾದವರು ‘ತರಬೇತಿ’ಯ ಹೆಸರಿನಲ್ಲಿ 1838ರವರೆಗೆ ಅದೇ ತೋಟಗಳಲ್ಲಿ ದುಡಿಯಬೇಕಾಯಿತು. ಟ್ರಿನಿಡಾಡ್, ಗಯಾನಾಗಳಿಗೆ ಭಾರತದಿಂದ ಗಿರಮಿಟ್ ಕೂಲಿಗಳನ್ನು ಹಡಗು ತುಂಬಿ ಒಯ್ದಂತೆ ಬಾರ್ಬಡೋಸ್‌ಗೆ ಒಯ್ಯಲಿಲ್ಲ. ಇಲ್ಲಿ ನೆಲ ಕಡಿಮೆ, ಜನ ಹೆಚ್ಚು. ಬಿಡುಗಡೆಯಾದವರಿಗೆ ತೋಟ ಬಿಟ್ಟು ಹೋಗಲು ಜಾಗವೇ ಇರಲಿಲ್ಲ. ಒಡೆಯನ ನೆಲದಲ್ಲಿ, ಬೇಕೆಂದಾಗ ಬಿಚ್ಚಿ ಗಾಡಿಗೆ ಹೇರಿಕೊಂಡು ಹೋಗಬಹುದಾದ ಮರದ ಮನೆ ಕಟ್ಟಿಕೊಂಡರು. ಇವೇ ಚ್ಯಾಟಲ್ ಹೌಸ್‌ಗಳು. ಭಾರತದವರು ಇಲ್ಲಿಗೆ ಬಂದದ್ದು 20ನೇ ಶತಮಾನದಲ್ಲಿ, ಬಂಗಾಳ ಮತ್ತು ಗುಜರಾತಿನಿಂದ, ಮನೆಮನೆಗೆ ಬಟ್ಟೆ ಹೊತ್ತು ಮಾರುವ ವ್ಯಾಪಾರಿಗಳಾಗಿ.

ಬಿಡುಗಡೆಯಾಗಿ ನೂರು ವರ್ಷವಾದರೂ ಬಡತನ ಬಿಡಲಿಲ್ಲ. 1937ರಲ್ಲಿ ಕ್ಲೆಮೆಂಟ್ ಪೇನ್ ಎಂಬ ಕಾರ್ಮಿಕ ನಾಯಕ ಊರಿನ ಗೋಲ್ಡನ್ ಸ್ಕ್ವೇರ್‌ನಲ್ಲಿ ಸಭೆಗಳನ್ನು ನಡೆಸಿ, ಸಂಘಟನೆಯಾಗಬೇಕೆಂದು ಜನರಿಗೆ ಹೇಳಿದ. ಜುಲೈ 26ರಂದು ಸರ್ಕಾರ ಅವನನ್ನು ಗಡೀಪಾರು ಮಾಡಿತು. ಊರು ಸಿಡಿದೆದ್ದಿತು. ಪೊಲೀಸರ ಗುಂಡಿಗೆ 14 ಮಂದಿ ಸತ್ತರು. ಕಾರ್ಮಿಕ ಸಂಘ, ಪಕ್ಷ, ಎಲ್ಲರಿಗೂ ಮತದಾನದ ಹಕ್ಕು, ಕೊನೆಗೆ ಸ್ವಾತಂತ್ರ್ಯ ಎಲ್ಲದರ ಬೇರೂ ಆ ಸಭೆಗಳಲ್ಲಿದೆ. 2021ರಲ್ಲಿ ಅಲ್ಲಿ ಗೋಲ್ಡನ್ ಸ್ಕ್ವೇರ್ ಫ್ರೀಡಂ ಪಾರ್ಕ್ ತೆರೆಯಿತು.

ಗ್ಯಾರಿಸನ್ ಮತ್ತು ಕೆನ್ಸಿಂಗ್‌ಟನ್

ಪೇಟೆಯಿಂದ ದಕ್ಷಿಣಕ್ಕೆ, ಕೊಲ್ಲಿಯ ಗುಂಟ ಎರಡು ಕಿಲೋಮೀಟರಿನಷ್ಟು ಹೋದರೆ ಗ್ಯಾರಿಸನ್. 1705ರಲ್ಲಿ ಸೇಂಟ್ ಆನ್ ಕೋಟೆಯೊಂದಿಗೆ ಶುರುವಾದ ಇದು ಕೆರಿಬಿಯನ್ನಿನಲ್ಲಿ ಬ್ರಿಟಿಷ್ ಸೇನೆಯ ಕೇಂದ್ರವಾಯಿತು. ಸೈನಿಕರ ಹಳೆಯ ಸೆರೆಮನೆ ಇಂದು ಬಾರ್ಬಡೋಸ್ ಮ್ಯೂಸಿಯಂ. ಹತ್ತಿರದ ಮನೆಯೊಂದರಲ್ಲಿ 1751ರಲ್ಲಿ, ಕ್ಷಯದಿಂದ ನರಳುತ್ತಿದ್ದ ಅಣ್ಣನೊಡನೆ 19 ವರ್ಷದ ಜಾರ್ಜ್ ವಾಷಿಂಗ್‌ಟನ್ ಕೆಲವು ವಾರ ಇದ್ದ. ಅವನು ಅಮೆರಿಕದ ಮುಖ್ಯಭೂಮಿ ಬಿಟ್ಟು ಹೋದದ್ದು ಅದೊಂದೇ ಸಲ. ಇಲ್ಲಿ ಅವನಿಗೆ ಸಿಡುಬು ತಗಲಿತು, ಬದುಕಿಕೊಂಡ. ಮುಂದೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ದಿನಗಳಲ್ಲಿ ಸಿಡುಬು ಸೇನೆಯನ್ನು ಕಾಡಿದಾಗ ಸೇನಾಪತಿಯಾಗಿದ್ದ ಅವನನ್ನು ಅದು ಮುಟ್ಟಲಿಲ್ಲ. ಕೆಂಪು ಅಂಗಿಯ ಸೈನಿಕರು ಕವಾಯತು ಮಾಡುತ್ತಿದ್ದ ಸವಾನಾ ಬಯಲಿನಲ್ಲೇ 1966ರ ನವೆಂಬರ್ 30ರ ನಡುರಾತ್ರಿ ಸ್ವತಂತ್ರ ಬಾರ್ಬಡೋಸ್‌ನ ಧ್ವಜ ಏರಿತು.

ಗ್ಯಾರಿಸನ್ ಹತ್ತಿರದ ಬೇ ಲ್ಯಾಂಡ್‌ನಲ್ಲಿ 1936ರಲ್ಲಿ ಹುಟ್ಟಿದವರು ಕ್ರಿಕೆಟಿಗ ಗಾರ್ಫೀಲ್ಡ್ ಸೋಬರ್ಸ್. ವೊರೆಲ್, ವೀಕ್ಸ್, ವಾಲ್ಕಾಟ್ ಎಂಬ ಮೂವರು ಕ್ರಿಕೆಟಿಗರೂ ಹದಿನೆಂಟು ತಿಂಗಳ ಅಂತರದಲ್ಲಿ ಕೆನ್ಸಿಂಗ್‌ಟನ್ ಓವಲ್ ಕ್ರಿಕೆಟ್ ಮೈದಾನದ ಆಸುಪಾಸಿನಲ್ಲೇ ಹುಟ್ಟಿದವರು. ವೆಸ್ಟ್ ಇಂಡೀಸ್ ನೆಲದ ಮೊದಲ ಟೆಸ್ಟ್ ಪಂದ್ಯ 1930ರಲ್ಲಿ ನಡೆದದ್ದು ಈ ಓವಲ್‌ನಲ್ಲಿ. 1962ರಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ತಲೆಬುರುಡೆ ಸೀಳಿದ್ದೂ ಇಲ್ಲಿಯೇ. ಆಗ ರಕ್ತ ಕೊಡಲು ಮುಂದೆ ಬಂದವರಲ್ಲಿ ವೆಸ್ಟ್ ಇಂಡೀಸ್ ನಾಯಕ ಫ್ರಾಂಕ್ ವೊರೆಲ್ ಇದ್ದರು. 1997ರಲ್ಲಿ ಇಲ್ಲಿ ಗೆಲ್ಲಲು 120 ರನ್ ಬೇಕಿದ್ದ ಭಾರತ 81ಕ್ಕೆ ಕುಸಿಯಿತು. ಮೊದಲ ಇನ್ನಿಂಗ್ಸ್‌ನಲ್ಲಿ 78 ರನ್ ಗಳಿಸಿದ್ದ ರಾಹುಲ್ ದ್ರಾವಿಡ್ ಆ ತಂಡದಲ್ಲಿದ್ದರು. 2007ರ ವಿಶ್ವಕಪ್ ಫೈನಲ್ ಇದೇ ಮೈದಾನದಲ್ಲಿ ನಡೆದಾಗ, ಅವರ ನಾಯಕತ್ವದ ಭಾರತ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಮರಳಿತ್ತು. 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಾಗ ಅವರು ಕೋಚ್. ಸದಾ ಸಂಯಮದ ಬೆಂಗಳೂರಿನ ಆ ಮನುಷ್ಯ ಕಪ್ ಕೈಗೆ ಬಂದೊಡನೆ ಗಂಟಲು ಬಿರಿಯುವಂತೆ ಕೂಗಿದ್ದನ್ನು ಕನ್ನಡಿಗರೆಲ್ಲ ನೋಡಿದ್ದಾರೆ.

ಈಗ ಬ್ರಿಡ್ಜ್‌ಟೌನ್‌ಗೆ ಬರುವ ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ದೊಡ್ಡ ವಿಹಾರ ಹಡಗುಗಳಿಂದ ಬೆಳಗ್ಗೆ ಇಳಿದು ಸಂಜೆಗೆ ಹತ್ತುವವರು. ಬ್ರಾಡ್ ಸ್ಟ್ರೀಟ್‌ನ ಅಂಗಡಿಗಳಿಗೂ ಕಡಲತೀರಕ್ಕೂ ಆ ಹೊತ್ತು ಸರಿಹೋಗುತ್ತದೆ. ಕ್ರಿಕೆಟ್ಟಿಗೋ ಕೆಲಸಕ್ಕೋ ಅಲ್ಲಿಗೆ ಹೋಗುವ ಕನ್ನಡಿಗರು ಅರ್ಧ ದಿನ ಬಿಡುವು ಮಾಡಿಕೊಂಡು ಕರೀನೇಜ್‌ನಿಂದ ನಡಿಗೆ ಶುರು ಮಾಡಲಿ. ಹೊತ್ತು ಸಾಲದೆ ಬಂದರೆ ಸಂಸತ್ತನ್ನು ಹೊರಗಿನಿಂದಲೇ ನೋಡಿ ಮುಂದೆ ಹೋಗಬಹುದು. ಸಿನಗಾಗ್‌ನ ಕೊಳವನ್ನೂ ಗೋಲ್ಡನ್ ಸ್ಕ್ವೇರನ್ನೂ ಮಾತ್ರ ಬಿಡಬಾರದು.